14 ಕೋರ್ಸ್ ಕೊಂಡೆ, ಮುಗಿಸಿದ್ದು 2. ನೀವೆಲ್ಲಾ ಹೇಗೆ ಕಲಿಯುತ್ತೀರಿ?

ಅರ್ಧಕ್ಕೆ_ನಿಂತವ
ಎಲ್ಲರಿಗೂ ನಮಸ್ಕಾರ. ಐದು ವರ್ಷದಿಂದ ಬ್ಯಾಕೆಂಡ್ ಕೆಲಸದಲ್ಲಿದ್ದೇನೆ. ಪೈಥಾನ್, ಅದರ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋ, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್. ಕೆಲಸ ನಡೆಯುತ್ತಿದೆ, ಯಾರೂ ಬೈದಿಲ್ಲ. ಆದರೆ ಎರಡು ವರ್ಷದಿಂದ ನಿಂತಲ್ಲೇ ನಿಂತಿದ್ದೇನೆ ಅನ್ನಿಸುತ್ತಿದೆ.

ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ. ದುಡ್ಡು ಕೊಟ್ಟು ತೆಗೆದುಕೊಂಡ ಕೋರ್ಸ್ 14. ಮುಗಿಸಿದ್ದು 2. ಅದರಲ್ಲೂ ಒಂದು ಆಫೀಸಿನಲ್ಲಿ ಕಡ್ಡಾಯ ಮಾಡಿದ್ದಕ್ಕೆ ಮುಗಿಸಿದ್ದು. ಮಿಕ್ಕವೆಲ್ಲಾ ಮೂರನೇ, ನಾಲ್ಕನೇ ಅಧ್ಯಾಯದಲ್ಲಿ ಮಲಗಿವೆ. ವಿಡಿಯೋ ನೋಡುವಾಗ ಎಲ್ಲಾ ತಿಳಿದ ಹಾಗೇ ಇರುತ್ತದೆ. ಮಾರನೇ ದಿನ ಖಾಲಿ ಫೈಲ್ ತೆರೆದು ಕೂತರೆ ಮೊದಲ ಸಾಲಿಗೇ ಕೈ ನಿಂತುಬಿಡುತ್ತದೆ. ಮತ್ತೆ ವಿಡಿಯೋ ಹಿಂದಕ್ಕೆ ಓಡಿಸುತ್ತೇನೆ.

ಸ್ವಲ್ಪ ಅನುಭವ ಇರುವವರಿಗೆ ನಿಜಕ್ಕೂ ಪ್ರಯೋಜನ ಆಗುವ ಸೈಟ್ ಯಾವುದು? ದುಡ್ಡು ಕೊಡಬೇಕಾ, ಬಿಟ್ಟಿ ಸಿಗುವುದೇ ಸಾಕಾ? "ಇದೊಂದು ಮಾಡಿ, ಸಾಕು" ಅನ್ನುವಂಥದ್ದು ಇದ್ದರೆ ಹೇಳಿ.

ಸೆಮಿಕೋಲನ್
ಬರೀ 14ಕ್ಕೇ ಗಾಬರಿಯಾ? ನನ್ನ ಹತ್ತಿರ 31 ಇವೆ. ರಿಯಾಯಿತಿ ಮೇಲ್ ಬಂದರೆ ಕೈ ತಾನಾಗಿ ಹೋಗುತ್ತದೆ.

ಮೂರನೇ_ಟ್ಯಾಬ್
ಬಿಟ್ಟಿ ಸಿಗುವುದರಲ್ಲೇ ಬೇಕಾದಷ್ಟಿದೆ ಸಾರ್. ವೆಬ್ ಕಡೆಯವರಿಗೆ ಫ್ರೀಕೋಡ್‌ಕ್ಯಾಂಪ್, 2014ರಿಂದ ನಡೆಯುತ್ತಿದೆ. ಓಡಿನ್ ಪ್ರಾಜೆಕ್ಟ್ ನನಗೆ ಇನ್ನೂ ಇಷ್ಟ. ಅಲ್ಲಿ ವಿಡಿಯೋ ಕಡಿಮೆ. ಓದಲು ಲಿಂಕ್ ಕೊಟ್ಟು, ಪ್ರಾಜೆಕ್ಟ್ ಮಾಡಿ ಅಂತ ಬಿಟ್ಟುಬಿಡುತ್ತಾರೆ. ಹೊಸ ಭಾಷೆ ಕಲಿಯಬೇಕಿದ್ದರೆ ಎಕ್ಸರ್‌ಸಿಸಂ. ಸಣ್ಣ ಸಣ್ಣ ಲೆಕ್ಕ, ಜೊತೆಗೇ ಟೆಸ್ಟ್ ಬರುತ್ತದೆ. ಬೇಕಿದ್ದರೆ ಸ್ವಯಂಸೇವಕರು ನಿಮ್ಮ ಕೋಡ್ ನೋಡಿ ಹೇಳುತ್ತಾರೆ. ಬುಡದಿಂದ ಬರಬೇಕು ಅಂದರೆ ಹಾರ್ವರ್ಡ್‌ನ ಕಂಪ್ಯೂಟರ್ ಸೈನ್ಸ್ ಪರಿಚಯದ ಕೋರ್ಸ್ ಸಿಎಸ್50. ಸರ್ಟಿಫಿಕೇಟ್ ಬೇಕಿದ್ದವರಿಗೆ ಕೋರ್ಸೆರಾ, ಎಡ್‌ಎಕ್ಸ್, ಎರಡೂ 2012ರಲ್ಲಿ ಶುರುವಾದವು.

ಹಳೇಹುಲಿ
ಟ್ಯಾಬ್ ಅವರೇ, ತಪ್ಪು ತಿಳಿಯಬೇಡಿ. ಅವರ ಹತ್ತಿರ 12 ಬಾಕಿ ಇವೆ. ನೀವು ಇನ್ನೂ ಆರು ಕೊಟ್ಟಿರಿ. ಈಗ 18.

ಅರ್ಧಕ್ಕೆ_ನಿಂತವ ಅವರಿಗೆ ಒಂದೇ ಪ್ರಶ್ನೆ. ಕಳೆದ ತಿಂಗಳು ಕೆಲಸದಲ್ಲಿ ಯಾವ ಜಾಗದಲ್ಲಿ ಸಿಕ್ಕಿಹಾಕಿಕೊಂಡಿರಿ? "ಸಿಸ್ಟಮ್ ಡಿಸೈನ್ ಬರಲ್ಲ" ಅಂತ ದೊಡ್ಡದಾಗಿ ಹೇಳಬೇಡಿ. ಯಾವ ದಿನ, ಯಾವ ಫೈಲ್, ಏನಾಯಿತು, ಅದನ್ನು ಹೇಳಿ.

ಮೂರನೇ_ಟ್ಯಾಬ್
ಕೇಳಿದ್ದು ಸೈಟ್, ಕೊಟ್ಟಿದ್ದು ಸೈಟ್. ನನ್ನ ತಪ್ಪೇನು ಮಾರಾಯ್ರೇ 😀

ರಾತ್ರಿಪಾಳಿ
ನನ್ನ ಪ್ರಕಾರ ತೊಂದರೆ ವಿಡಿಯೋದ್ದೇ. ಪಾಠ ಮಾಡುವವರು ಎಡವುವುದನ್ನೆಲ್ಲಾ ಎಡಿಟ್‌ನಲ್ಲಿ ಕತ್ತರಿಸಿ ಎಸೆದಿರುತ್ತಾರೆ. ಎರರ್ ಬಂತು, ಅರ್ಧ ಗಂಟೆ ತಲೆ ಕೆರೆದುಕೊಂಡರು, ವರ್ಷನ್ ಬೇರೆ ಇತ್ತು ಅಂತ ಗೊತ್ತಾಯಿತು, ಇದ್ಯಾವುದೂ ನಮಗೆ ಕಾಣುವುದಿಲ್ಲ. ಕೆಲಸದಲ್ಲಿ ಅದೇ ಮುಕ್ಕಾಲು ಭಾಗ. ನಾನು ಡಾಕ್ಯುಮೆಂಟೇಶನ್ ಓದುವುದಕ್ಕೆ ಬದಲಾದೆ. ಜಾವಾಸ್ಕ್ರಿಪ್ಟ್, ಸಿಎಸ್‌ಎಸ್ ಅಂದರೆ ಮೊಜಿಲ್ಲಾದವರ ಎಂಡಿಎನ್ ಸೈಟ್, ಬೇರೆ ಕಡೆ ಹೋಗುವುದೇ ಇಲ್ಲ.

ಫ್ರಂಟೆಂಡ್_ಪುಟ್ಟಿ
ವಿಡಿಯೋಗೆ ಇನ್ನೊಂದು ಕಾಯಿಲೆ ಇದೆ, ವಯಸ್ಸು. ನಾನು ರಿಯಾಕ್ಟ್ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಬಗ್ಗೆ ಒಂದು ಕೋರ್ಸ್ ತೆಗೆದುಕೊಂಡೆ. "ಹೊಸದಾಗಿ ಅಪ್‌ಡೇಟ್ ಮಾಡಿದ್ದು" ಅಂತ ಮೇಲೆ ಬರೆದಿತ್ತು. ಒಳಗೆ ನೋಡಿದರೆ ಎಲ್ಲಾ ಹಳೇ ಶೈಲಿಯ ಕ್ಲಾಸ್ ಕಾಂಪೊನೆಂಟ್. ಕ್ಲಾಸ್ ಇಲ್ಲದೆ ಬರೆಯಲು ಬಿಡುವ ಹುಕ್ಸ್ ಬಂದಿದ್ದು 2019ರ ಫೆಬ್ರವರಿಯಲ್ಲಿ! ಅಪ್‌ಡೇಟ್ ಅಂದರೆ ಕೊನೆಗೆ ಎರಡು ವಿಡಿಯೋ ಅಂಟಿಸಿದ್ದರು ಅಷ್ಟೇ. ಇನ್ನೂ ಎಷ್ಟೋ ಕಡೆ ಮೊದಲ ಪಾಠವೇ ಕ್ರಿಯೇಟ್ ರಿಯಾಕ್ಟ್ ಆ್ಯಪ್, ಹೊಸ ಪ್ರಾಜೆಕ್ಟ್ ಶುರು ಮಾಡುವ ಹಳೇ ಟೂಲ್. ಅದನ್ನು ಬಳಸಬೇಡಿ ಅಂತ ರಿಯಾಕ್ಟ್ ತಂಡದವರೇ 2025ರಲ್ಲಿ ಹೇಳಿಯಾಯಿತು. ಈಗ ನಾನು ಮೊದಲು ನೋಡುವುದು ಕಾಮೆಂಟ್‌ಗಳನ್ನು. "ಇದು ನನಗೆ ಓಡುತ್ತಿಲ್ಲ" ಅಂತ ಹತ್ತು ಜನ ಅತ್ತಿದ್ದರೆ ಅಲ್ಲಿಂದಲೇ ವಾಪಸ್.

ನಲ್_ಪಾಯಿಂಟರ್
ವಿಡಿಯೋ ಕೆಟ್ಟದ್ದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಾರ್ನೆಗಿ ಮೆಲನ್‌ನ ಡೇಟಾಬೇಸ್ ಪಾಠಗಳು ಯೂಟ್ಯೂಬ್‌ನಲ್ಲಿವೆ, ಆಂಡಿ ಪಾವ್ಲೋ ಅವರದು. ಬಫರ್ ಪೂಲ್ (ಡಿಸ್ಕ್‌ನ ಪುಟಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಅಂದರೆ ಏನು ಅಂತ ನನಗೆ ತಲೆಗೆ ಹೋಗಿದ್ದೇ ಅಲ್ಲಿ. ಅದಕ್ಕೂ ಮೊದಲು ಎರಡು ಸಲ ಓದಿದ್ದೆ, ಹೋಗಿರಲಿಲ್ಲ. ಜನಕ್ಕೆ ಜನ ಬೇರೆ.

ರಾತ್ರಿಪಾಳಿ
ಪಾಠ ನೋಡಿದಿರಾ, ಅದರ ಅಸೈನ್‌ಮೆಂಟ್ ಕೂಡ ಮಾಡಿದಿರಾ?

ನಲ್_ಪಾಯಿಂಟರ್
...ಮೊದಲನೆಯದು ಮಾಡಿದೆ.

ಸೆಮಿಕೋಲನ್
😂😂

ಬಗ್ಗಜ್ಜಿ
ಕೋರ್ಸ್ ಮುಗಿಸದೇ ಇರುವುದು ನಿಮ್ಮೊಬ್ಬರ ಕಥೆಯಲ್ಲ, ಬೇಜಾರು ಬೇಡ. ಎಂಐಟಿ ಮತ್ತು ಹಾರ್ವರ್ಡ್‌ನ ಎಡ್‌ಎಕ್ಸ್ ಕೋರ್ಸ್‌ಗಳ ಬಗ್ಗೆ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಬರಹ ಬಂದಿತ್ತು. ಹೆಸರು ನೋಂದಾಯಿಸಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಂದು ಸಲವೂ ಒಳಗೆ ಕಾಲಿಟ್ಟಿಲ್ಲ. 2017-18ರಲ್ಲಿ ಮುಗಿಸಿದವರು ಶೇಕಡಾ 3ರಷ್ಟು.

ಲೆಕ್ಕಪತ್ರ
ಅದೇ ಬರಹದಲ್ಲಿ ಇನ್ನೊಂದು ವಿಷಯ ಇದೆ. ಸರ್ಟಿಫಿಕೇಟ್‌ಗೆ ಅಂತ ದುಡ್ಡು ಕಟ್ಟಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮುಗಿಸಿದ್ದಾರೆ. ಅದಕ್ಕೇ ನಾನು ಹೇಳುವುದು, ದುಡ್ಡು ಕಟ್ಟಿ. ಕಟ್ಟಿದ ಮೇಲೆ ಹೊಟ್ಟೆ ಉರಿಯುತ್ತದೆ, ಕೂತು ಮಾಡುತ್ತೀರಿ.

ಹಳೇಹುಲಿ
ದುಡ್ಡು ಕಟ್ಟಿದ್ದಕ್ಕೆ ಮುಗಿಸಿದರೋ, ಮುಗಿಸುವ ಮನಸ್ಸಿದ್ದವರೇ ದುಡ್ಡು ಕಟ್ಟಿದರೋ? ಎರಡೂ ಒಂದೇ ಅಲ್ಲ. ಮೇಲೆ ಒಬ್ಬರು 31ಕ್ಕೆ ಕಟ್ಟಿದ್ದಾರೆ, ಹೊಟ್ಟೆ ಉರಿದ ಹಾಗೆ ಕಾಣುತ್ತಿಲ್ಲ.

ಸೆಮಿಕೋಲನ್
ನನ್ನನ್ನು ಬಿಟ್ಟುಬಿಡಿ ಅಣ್ಣ.

ಅರ್ಧಕ್ಕೆ_ನಿಂತವ
ಹಳೇಹುಲಿ ಸಾರ್, ನಿಮ್ಮ ಪ್ರಶ್ನೆಗೆ ಯೋಚನೆ ಮಾಡಿದೆ. ಒಂದು ಇದೆ.

ನಮ್ಮಲ್ಲಿ ಒಂದು ಅಪ್‌ಲೋಡ್ ಪುಟ ಇದೆ. ಗ್ರಾಹಕರ ಪಟ್ಟಿಯ ಸಿಎಸ್‌ವಿ ಹಾಕುತ್ತಾರೆ. ಪ್ರತಿ ಸಾಲಿನ ಇಮೇಲ್ ನಮ್ಮ ಟೇಬಲ್‌ನಲ್ಲಿ ಮೊದಲೇ ಇದೆಯಾ ಅಂತ ನೋಡಬೇಕು. ದೊಡ್ಡಕ್ಷರ, ಸಣ್ಣಕ್ಷರ ಏನಿದ್ದರೂ ಒಂದೇ ಅಂತ ಎಣಿಸಬೇಕು. 200 ಸಾಲಿನ ಫೈಲ್‌ಗೆ 40 ಸೆಕೆಂಡ್ ಆಗುತ್ತಿತ್ತು. ಟೇಬಲ್‌ನಲ್ಲಿ ಹತ್ತು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಸಾಲು ಇವೆ. ಚಾಟ್‌ಜಿಪಿಟಿಗೆ ಕೇಳಿದೆ, ಇಮೇಲ್ ಕಾಲಮ್‌ಗೆ ಇಂಡೆಕ್ಸ್ (ಬೇಗ ಹುಡುಕಲು ಪುಸ್ತಕದ ಪರಿವಿಡಿಯಂಥದ್ದು) ಹಾಕಿ ಅಂತು. ಹಾಕಿದೆ. ಒಂದು ಸೆಕೆಂಡೂ ಕಡಿಮೆ ಆಗಲಿಲ್ಲ. ಟೀಮಿನ ಹಿರಿಯರೊಬ್ಬರು ಹತ್ತು ನಿಮಿಷದಲ್ಲಿ ಫೈಲ್ ಕೆಲಸವನ್ನು ಹಿನ್ನೆಲೆಗೆ ತಳ್ಳಿದರು. ಬಳಸುವವರು ಕಾಯುವುದು ತಪ್ಪಿತು, ಟಿಕೆಟ್ ಮುಚ್ಚಿತು. ಇಂಡೆಕ್ಸ್ ಯಾಕೆ ಕೆಲಸ ಮಾಡಲಿಲ್ಲ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಹಳೇಹುಲಿ
ಇದು ಬೇಕಿತ್ತು ನೋಡಿ. ನಿಮ್ಮ ಮುಂದಿನ ಕೋರ್ಸ್ ಇದೇ.

ಉತ್ತರ ನಾನು ಹೇಳುವುದಿಲ್ಲ, ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪೋಸ್ಟ್‌ಗ್ರೆಸ್ ಹಾಕಿ. ಒಂದು ಟೇಬಲ್ ಮಾಡಿ, ಐಡಿ ಮತ್ತು ಇಮೇಲ್ ಸಾಕು. ಜನರೇಟ್ ಸೀರೀಸ್ ಅಂತ ಒಂದು ಫಂಕ್ಷನ್ ಇದೆ, ಅದರಿಂದ ಸುಳ್ಳು ಇಮೇಲ್ ತುಂಬಿಸಿ. ಇಮೇಲ್‌ಗೆ ಇಂಡೆಕ್ಸ್ ಹಾಕಿ. ಆಮೇಲೆ ನೇರ ಇಮೇಲ್ ಹುಡುಕಿ, ಸಣ್ಣಕ್ಷರಕ್ಕೆ ತರುವ ಲೋವರ್ ಫಂಕ್ಷನ್ ಒಳಗೆ ಹಾಕಿ ಹುಡುಕಿ. ಎರಡಕ್ಕೂ ಮುಂದೆ, ಹುಡುಕುವ ಪ್ಲ್ಯಾನ್ ಮತ್ತು ಸಮಯ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಸೇರಿಸಿ. ಓಡಿಸುವ ಮೊದಲು ಏನು ಬರುತ್ತದೆ ಅಂತ ನಿಮ್ಮ ಊಹೆಯನ್ನು ಒಂದು ಕಡೆ ಬರೆದಿಡಿ. ಪೋಸ್ಟ್‌ಗ್ರೆಸ್‌ನ ಅಧಿಕೃತ ಡಾಕ್ಯುಮೆಂಟೇಶನ್‌ನಲ್ಲಿ ಇಂಡೆಕ್ಸ್ ಅಂತ ಒಂದು ಅಧ್ಯಾಯ ಇದೆ, ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಬೇರೆ ಏನೂ ಬೇಡ.

ಲೆಕ್ಕಪತ್ರ
ಊಹೆ ಬರೆಯುವುದು ಯಾಕೆ? ಓಡಿಸಿದರೆ ಹೇಗೂ ಗೊತ್ತಾಗುತ್ತದಲ್ಲ.

ಬಗ್ಗಜ್ಜಿ
ಓಡಿಸಿದ ಮೇಲೆ "ಹೌದು, ನನಗೆ ಗೊತ್ತಿತ್ತು" ಅಂತ ಮನಸ್ಸು ಸುಳ್ಳು ಹೇಳುತ್ತದೆ, ಅದಕ್ಕೆ. ರೋಡಿಗರ್ ಮತ್ತು ಕಾರ್ಪಿಕೆ ಅವರು 2006ರಲ್ಲಿ ಮಾಡಿದ ಪ್ರಯೋಗ ನೋಡಿ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಪುಸ್ತಕ ಮುಚ್ಚಿ, ನೆನಪಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಉಲ್ಟಾ, ನೆನಪಿಂದ ಬರೆದವರು ಮುಂದು. ವಿಡಿಯೋ ಮುಗಿದ ತಕ್ಷಣ ಎಲ್ಲಾ ಗೊತ್ತು ಅನ್ನಿಸುತ್ತದಲ್ಲ, ಅದು ಆ ಐದು ನಿಮಿಷದ್ದು.

ರಾತ್ರಿಪಾಳಿ
ನಾನು ಎರಡರಷ್ಟು ವೇಗದಲ್ಲಿ ನೋಡುತ್ತೇನೆ, ಹಾಗಾದರೆ ನನಗೆ ಎರಡೂವರೆ ನಿಮಿಷ.

ಸ್ಪರ್ಧಿ_404
ಇಷ್ಟು ಹೊತ್ತಾಯಿತು, ಕೋಡಿಂಗ್ ಲೆಕ್ಕಗಳ ಸೈಟ್ ಲೀಟ್‌ಕೋಡ್ ಅಂತ ಒಬ್ಬರೂ ಹೇಳಲಿಲ್ಲ. ದಿನಕ್ಕೆ ಒಂದು ಲೆಕ್ಕ, ಆರು ತಿಂಗಳು. ಇಂಟರ್‌ವ್ಯೂ ದಾಟಲು ಬೇರೆ ದಾರಿ ಇಲ್ಲ.

ರಾತ್ರಿಪಾಳಿ
ಅವರು ಇಂಟರ್‌ವ್ಯೂ ಬಗ್ಗೆ ಕೇಳಿಲ್ಲ ಗುರು. ಮೂರು ವರ್ಷದಲ್ಲಿ ಕೆಲಸದಲ್ಲಿ ಎಷ್ಟು ಸಲ ಬೈನರಿ ಟ್ರೀ ತಲೆಕೆಳಗು ಮಾಡಿದ್ದೀರಿ?

ಬಗ್ಗಜ್ಜಿ
ಟ್ರೀ ಬಿಡಿ. ಬೈನರಿ ಸರ್ಚ್ ಮಾತ್ರ ನನ್ನನ್ನು ಒಂದು ಸಲ ಉಳಿಸಿದೆ. ರಿಪೋರ್ಟಿನಲ್ಲಿ ತಾರೀಖು ಒಂದು ದಿನ ಹಿಂದೆ ಬರುತ್ತಿತ್ತು. ಯಾವಾಗ ಕೆಟ್ಟಿತು ಅಂತ ಯಾರಿಗೂ ಗೊತ್ತಿಲ್ಲ. ಹಿಂದಿನ ರಿಲೀಸ್‌ನಲ್ಲಿ ಸರಿಯಿತ್ತು, ನಡುವೆ 700 ಕಮಿಟ್ (ಕೋಡ್ ಬದಲಾವಣೆ). ಇಬ್ಬರು ಎರಡು ದಿನ ಕೋಡ್ ಓದುತ್ತಾ ಕೂತಿದ್ದರು. ಗಿಟ್ ಬೈಸೆಕ್ಟ್ ಹಚ್ಚಿದೆ. ಇದು ಒಳ್ಳೆಯದು, ಇದು ಕೆಟ್ಟದ್ದು ಅಂತ ಹೇಳುತ್ತಾ ಹೋದರೆ ಪ್ರತಿ ಸಲ ಅರ್ಧ ಉಳಿಯುತ್ತದೆ. ಹತ್ತನೇ ಸುತ್ತಿಗೆ ಕಮಿಟ್ ಸಿಕ್ಕಿತು. ಯಾರೋ ಟೈಮ್‌ಝೋನ್ ಲೈಬ್ರರಿ ಬದಲಿಸಿದ್ದರು. "ಯಾರೋ" ಅಂದರೆ ನಾನೇ, ಅದು ಬೇರೆ ಕಥೆ.

ಇದನ್ನು ನಾನು ಯಾವ ಕಾಲೇಜಲ್ಲೂ ಕಲಿಯಲಿಲ್ಲ. ಎಂಐಟಿಯವರು 2020ರಲ್ಲಿ ಮಿಸ್ಸಿಂಗ್ ಸೆಮಿಸ್ಟರ್ ಅಂತ ಪಾಠ ಹಾಕಿದ್ದಾರೆ. ಶೆಲ್, ಎಡಿಟರ್, ಗಿಟ್, ಡಿಬಗ್ಗಿಂಗ್, ಕಾಲೇಜಲ್ಲಿ ಯಾರೂ ಹೇಳಿಕೊಡದ ವಿಷಯಗಳು. ಚಿಕ್ಕದು, ಬಿಟ್ಟಿ. ಐದು ವರ್ಷ ಅನುಭವ ಇರುವವರೂ ನೋಡಬಹುದು, ನಾಚಿಕೆ ಬೇಡ.

ಸ್ಪರ್ಧಿ_404
ನೋಡಿದಿರಾ, ಬೈನರಿ ಸರ್ಚ್ ಬೇಕಾಯಿತು ತಾನೇ. ಲೀಟ್‌ಕೋಡ್ ಬೇಜಾರಾದರೆ ಅಡ್ವೆಂಟ್ ಆಫ್ ಕೋಡ್ ಮಾಡಿ. ಪ್ರತಿ ಡಿಸೆಂಬರ್ ಬರುತ್ತದೆ, ದಿನಕ್ಕೊಂದು ಒಗಟು, 25 ದಿನ.

ಲೆಕ್ಕಪತ್ರ
ತಿದ್ದುಪಡಿ: 2015ರಿಂದ 25 ದಿನ ಇತ್ತು, 2025ರಲ್ಲಿ 12 ದಿನಕ್ಕೆ ಇಳಿಸಿದರು. ಎಲ್ಲರ ಒಟ್ಟು ಲೀಡರ್‌ಬೋರ್ಡ್ ಕೂಡ ತೆಗೆದರು. ಎಷ್ಟೋ ನೆಮ್ಮದಿ. ಹಳೇ ವರ್ಷದ ಒಗಟುಗಳು ಹಾಗೇ ಇವೆ, ಯಾವಾಗ ಬೇಕಾದರೂ ಮಾಡಬಹುದು.

ಫ್ರಂಟೆಂಡ್_ಪುಟ್ಟಿ
ನನ್ನ ದಾಖಲೆ ಎಂಟನೇ ದಿನ. ಒಂಬತ್ತನೇ ದಿನ ಪ್ರತಿ ವರ್ಷ ನನಗೆ ಬೇರೆ ಕೆಲಸ ಬಂದುಬಿಡುತ್ತದೆ 🙈

ಹೊಸಬ_01
ಓಪನ್ ಸೋರ್ಸ್‌ಗೆ ಕೋಡ್ ಕಳಿಸಿ ಕಲಿಯುವುದು ಹೇಗೆ? ಎಲ್ಲರೂ ಅದನ್ನೇ ಹೇಳುತ್ತಾರೆ.

ನಲ್_ಪಾಯಿಂಟರ್
ಕಲಿಯಬಹುದು, ಆದರೆ ಮೊದಲ ದಿನವೇ ಅಲ್ಲ. ಓಪನ್ ಸೋರ್ಸ್‌ಗೆ ಕೋಡ್ ಕಳಿಸುವ ಅಕ್ಟೋಬರ್ ಅಭಿಯಾನ, 2020ರ ಹ್ಯಾಕ್ಟೋಬರ್‌ಫೆಸ್ಟ್ ನೆನಪಿದೆಯಾ? ಟೀ ಶರ್ಟ್ ಸಿಗುತ್ತದೆ ಅಂತ ಜನ ರೀಡ್‌ಮಿ ಫೈಲ್‌ನಲ್ಲಿ ಒಂದೊಂದು ಪದ ಬದಲಿಸಿ ರಾಶಿ ರಾಶಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಸುರಿದರು. ನಡೆಸುವವರು ನಡುವೆಯೇ ನಿಯಮ ಬದಲಿಸಿದರು, ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳನ್ನು ಮಾತ್ರ ಎಣಿಸುತ್ತೇವೆ ಅಂತ. ನೀವು ದಿನಾ ಬಳಸುವ ಲೈಬ್ರರಿ ಒಂದನ್ನು ಹಿಡಿಯಿರಿ. ಮುಚ್ಚಿದ ಇಶ್ಯೂಗಳನ್ನು ಓದಿ. ಬಗ್ ಯಾರು ಹೇಳಿದರು, ಏನು ತಿದ್ದಿದರು, ರಿವ್ಯೂನಲ್ಲಿ ಏನು ಬೈದರು. ಬರೆಯದೇ ಹೋದರೂ ಓದುವುದೇ ದೊಡ್ಡ ಪಾಠ.

ಅರ್ಧಕ್ಕೆ_ನಿಂತವ
ಮೂರು ದಿನ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಟೇಬಲ್ ಮಾಡಿದೆ, 100 ಸಾಲು ಹಾಕಿದೆ, ಇಂಡೆಕ್ಸ್ ಹಾಕಿದೆ. ನನ್ನ ಊಹೆ: ನೇರ ಹುಡುಕಿದರೆ ಇಂಡೆಕ್ಸ್ ಬಳಸುತ್ತದೆ, ಲೋವರ್ ಹಾಕಿದರೆ ಬಳಸುವುದಿಲ್ಲ. ಆದದ್ದು: ಎರಡಕ್ಕೂ ಸೀಕ್ವೆನ್ಶಿಯಲ್ ಸ್ಕ್ಯಾನ್, ಅಂದರೆ ಇಡೀ ಟೇಬಲ್ ಓದುವುದು. ಇಂಡೆಕ್ಸ್ ಕಡೆ ತಿರುಗಿಯೂ ನೋಡುತ್ತಿಲ್ಲ. ಪೋಸ್ಟ್‌ಗ್ರೆಸ್ ಕೆಟ್ಟಿದೆಯಾ, ನನ್ನ ತಲೆ ಕೆಟ್ಟಿದೆಯಾ?

ರಾತ್ರಿಪಾಳಿ
ಎರಡೂ ಸರಿ ಇವೆ. 100 ಸಾಲು ಅಂದರೆ 8 ಕೆಬಿಯ ಒಂದೇ ಪುಟದಲ್ಲಿ ಕೂತುಬಿಡುತ್ತವೆ. ಒಂದು ಹಾಳೆಯಲ್ಲಿ ಹೆಸರು ಹುಡುಕಲು ಯಾರಾದರೂ ಪರಿವಿಡಿ ತಿರುವುತ್ತಾರಾ? ಹತ್ತು ಲಕ್ಷ ಹಾಕಿ.

ಅರ್ಧಕ್ಕೆ_ನಿಂತವ
ಹಾಕಿದೆ! ಈಗ ಊಹೆ ಸರಿ ಬಂತು. ನೇರ ಹುಡುಕಿದರೆ ಇಂಡೆಕ್ಸ್ ಸ್ಕ್ಯಾನ್, ಒಂದು ಮಿಲಿಸೆಕೆಂಡೂ ಇಲ್ಲ. ಲೋವರ್ ಹಾಕಿದರೆ ಪೂರ್ತಿ ಟೇಬಲ್ ಓದುತ್ತದೆ, 180 ಮಿಲಿಸೆಕೆಂಡ್. ಇಂಡೆಕ್ಸ್‌ನಲ್ಲಿ ಇರುವುದು ಇಮೇಲ್, ನಾನು ಕೇಳುತ್ತಿರುವುದು ಲೋವರ್ ಆದ ಇಮೇಲ್. ಅದು ಬೇರೆ ವಸ್ತು, ಇಂಡೆಕ್ಸ್‌ನಲ್ಲಿ ಇಲ್ಲವೇ ಇಲ್ಲ. ಡಾಕ್ಯುಮೆಂಟೇಶನ್‌ನಲ್ಲಿ ಎಕ್ಸ್‌ಪ್ರೆಶನ್ ಇಂಡೆಕ್ಸ್ ಅಂತ ಇದೆ, ಉದಾಹರಣೆಯೇ ಲೋವರ್! ಹಾಕಿದೆ, ಸಮಯ ಸೊನ್ನೆಗೆ ಬಂತು.

ಆದರೆ ಒಂದು ವಿಚಿತ್ರ. ಪ್ಲ್ಯಾನ್‌ನಲ್ಲಿ 5000 ಸಾಲು ಸಿಗಬಹುದು ಅಂತ ಅಂದಾಜು ಬರೆದಿದೆ. ಸಿಕ್ಕಿದ್ದು 1. 5000 ಎಲ್ಲಿಂದ ಬಂತು?

ನಲ್_ಪಾಯಿಂಟರ್
ಓಹ್, ಇದನ್ನು ಗಮನಿಸಿದಿರಾ. ಲೋವರ್ ಆದ ಇಮೇಲ್ ಬಗ್ಗೆ ಪ್ಲ್ಯಾನರ್ (ಹುಡುಕುವ ದಾರಿ ಆರಿಸುವ ಭಾಗ) ಹತ್ತಿರ ಅಂಕಿಅಂಶ ಇನ್ನೂ ಇಲ್ಲ. ಗೊತ್ತಿಲ್ಲದಿದ್ದಾಗ 200ರಲ್ಲಿ ಒಂದು ಪಾಲು ಅಂತ ಊಹೆ ಹಾಕುತ್ತದೆ. ಹತ್ತು ಲಕ್ಷದ 200ನೇ ಒಂದು ಪಾಲು ಎಷ್ಟು? ಟೇಬಲ್ ಮೇಲೆ ಒಂದು ಸಲ ಅಂಕಿಅಂಶ ಕೂಡಿಸುವ ಅನಲೈಜ್ ಓಡಿಸಿ, ಆಮೇಲೆ ನೋಡಿ.

ಅರ್ಧಕ್ಕೆ_ನಿಂತವ
1 ಆಯಿತು!! ಬಿಟ್‌ಮ್ಯಾಪ್ ಸ್ಕ್ಯಾನ್ ಹೋಗಿ ಸಾದಾ ಇಂಡೆಕ್ಸ್ ಸ್ಕ್ಯಾನ್ ಬಂತು. ರಾತ್ರಿ ಒಂದು ಗಂಟೆ ಆಗಿದೆ, ನಾನು ಒಬ್ಬನೇ ನಗುತ್ತಿದ್ದೇನೆ.

ಸ್ಪರ್ಧಿ_404
ಇಷ್ಟಕ್ಕೆ ಮೂರು ದಿನವಾ? ಕ್ವೆರಿ, ಪ್ಲ್ಯಾನ್ ಎರಡನ್ನೂ ಎಐಗೆ ಕೊಟ್ಟಿದ್ದರೆ ಮೂರು ನಿಮಿಷದಲ್ಲಿ ಹೇಳುತ್ತಿತ್ತು.

ರಾತ್ರಿಪಾಳಿ
ಪ್ಲ್ಯಾನ್ ಅಂತ ಒಂದು ಇದೆ ಅಂತ ಗೊತ್ತಿದ್ದರೆ ತಾನೇ ಕೊಡುವುದು. ಅವರು "ನಿಧಾನ ಇದೆ" ಅಂತ ಕೇಳಿದರು, ಅದು "ಇಂಡೆಕ್ಸ್ ಹಾಕಿ" ಅಂತು.

ಬಗ್ಗಜ್ಜಿ
ನಾನು ಎಐ ಬಳಸುತ್ತೇನೆ, ದಿನಾ. ಆದರೆ ಕಲಿಯುವಾಗ ನನ್ನ ಉತ್ತರ ಮೊದಲು ಬರೆದು "ಇದರಲ್ಲಿ ತಪ್ಪು ಎಲ್ಲಿದೆ" ಅಂತ ಕೇಳುತ್ತೇನೆ. ಅದು ಹೇಳಿದ್ದನ್ನೂ ಓಡಿಸಿ ನೋಡುತ್ತೇನೆ. ಇಲ್ಲದೇ ಇರುವ ಆಪ್ಷನ್‌ಗಳನ್ನು ಗಂಭೀರವಾಗಿ ಹೇಳಿದ್ದೂ ಇದೆ. ಡೆಡ್‌ಲೈನ್ ಇದ್ದ ದಿನ ಇದ್ಯಾವುದೂ ಇಲ್ಲ, ಸೀದಾ ಕೇಳಿ ಅಂಟಿಸುತ್ತೇನೆ. ಸುಮ್ನೆ ದೊಡ್ಡ ಮಾತು ಯಾಕೆ.

ಅರ್ಧಕ್ಕೆ_ನಿಂತವ
ಕಥೆ ಮುಗಿದಿಲ್ಲ. ನಿನ್ನೆ ಆಫೀಸಿನಲ್ಲಿ ಟೆಸ್ಟ್ ಸರ್ವರ್ ಮೇಲೆ ಅದೇ ಲೋವರ್ ಇಂಡೆಕ್ಸ್ ಹಾಕಿದೆ. ಎದೆ ಉಬ್ಬಿಸಿಕೊಂಡು ಫೈಲ್ ಅಪ್‌ಲೋಡ್ ಮಾಡಿದೆ. 40 ಸೆಕೆಂಡ್. ಅದೇ 40!

ಈ ಸಲ ಯಾರನ್ನೂ ಕೇಳಲಿಲ್ಲ. ಜ್ಯಾಂಗೋ ನಿಜಕ್ಕೂ ಯಾವ ಎಸ್‌ಕ್ಯೂಎಲ್ ಕಳಿಸುತ್ತಿದೆ ಅಂತ ಲಾಗ್ ಆನ್ ಮಾಡಿ ನೋಡಿದೆ. ನಾವು ಬಳಸಿದ್ದು ಐಎಕ್ಸಾಕ್ಟ್, ಅಕ್ಷರ ದೊಡ್ಡದೋ ಸಣ್ಣದೋ ನೋಡದೆ ಹೋಲಿಸುವುದು. ಜ್ಯಾಂಗೋ ಅದನ್ನು ಪೋಸ್ಟ್‌ಗ್ರೆಸ್‌ಗೆ ಕಳಿಸುವಾಗ ಲೋವರ್ ಅಲ್ಲ, ಅಪ್ಪರ್ ಹಾಕುತ್ತದೆ! ಎರಡೂ ಕಡೆ ಅಪ್ಪರ್. ನನ್ನ ಇಂಡೆಕ್ಸ್ ಪಾಪ ಸುಮ್ಮನೆ ಕೂತಿತ್ತು. ಅಪ್ಪರ್ ಮೇಲೆ ಇಂಡೆಕ್ಸ್ ಮಾಡಿದೆ. ಈಗ ಒಂದು ಸೆಕೆಂಡಿನ ಒಳಗೆ.

ಹಳೇಹುಲಿ
ನನಗೇ ಇದು ಗೊತ್ತಿರಲಿಲ್ಲ ಮಾರಾಯ. ನಾನು ಲೋವರ್ ಅಂತ ದಾರಿ ತಪ್ಪಿಸಿದೆ, ಕ್ಷಮೆ ಇರಲಿ.

ಲೆಕ್ಕಪತ್ರ
200 ಸಾಲಿಗೆ 200 ಕ್ವೆರಿ ಯಾಕೆ? ಎಲ್ಲಾ ಇಮೇಲ್ ಒಟ್ಟಿಗೆ ಕೊಟ್ಟು ಒಂದೇ ಸಲ ಕೇಳಿ.

ರಾತ್ರಿಪಾಳಿ
ಮತ್ತೆ ಲೈವ್ ಸರ್ವರ್ ಮೇಲೆ ಹಾಕುವಾಗ ಕನ್‌ಕರೆಂಟ್ಲಿ ಮರೆಯಬೇಡಿ. ಸಾದಾ ಕ್ರಿಯೇಟ್ ಇಂಡೆಕ್ಸ್ ಓಡುವಷ್ಟು ಹೊತ್ತೂ ಆ ಟೇಬಲ್‌ಗೆ ಯಾರೂ ಬರೆಯಲು ಆಗುವುದಿಲ್ಲ. ಜ್ಯಾಂಗೋ ಮೈಗ್ರೇಶನ್‌ನಲ್ಲಿ ಆ್ಯಡ್‌ಇಂಡೆಕ್ಸ್‌ಕನ್‌ಕರೆಂಟ್ಲಿ ಅಂತ ಇದೆ. ಅಟಾಮಿಕ್ ಅನ್ನು ಫಾಲ್ಸ್ ಮಾಡಬೇಕು. ಇದನ್ನು ನಾನು ಹೇಗೆ ಕಲಿತೆ ಅಂತ ಕೇಳಬೇಡಿ.

ಫ್ರಂಟೆಂಡ್_ಪುಟ್ಟಿ
ಕೇಳುತ್ತಿದ್ದೇವೆ.

ರಾತ್ರಿಪಾಳಿ
ಶುಕ್ರವಾರ ಸಂಜೆ. ಅಷ್ಟೇ ಹೇಳುತ್ತೇನೆ.

ಅರ್ಧಕ್ಕೆ_ನಿಂತವ
ಕನ್‌ಕರೆಂಟ್ಲಿ ಸೇರಿಸಿದೆ, ಪುಲ್ ರಿಕ್ವೆಸ್ಟ್ ಹಾಕಿದೆ. ಮೊನ್ನೆ ಹೇಳಿದ ಆ ಹಿರಿಯರೇ ರಿವ್ಯೂ ಮಾಡಿದರು. "ಅಪ್ಪರ್ ಇಂಡೆಕ್ಸ್ ಯಾಕೆ, ಇಮೇಲ್ ಉಳಿಸುವಾಗಲೇ ಸಣ್ಣಕ್ಷರಕ್ಕೆ ತಂದರೆ ಆಗಲ್ವಾ?" ಅಂತ ಕೇಳಿದ್ದಾರೆ. ಹಾಗೆ ತಂದರೆ ಹಳೇ ಸಾಲುಗಳಲ್ಲಿ ಒಂದೇ ಇಮೇಲ್ ಆಗಿಬಿಡುವ ಜೋಡಿ ಎಷ್ಟು ಸಿಗುತ್ತವೆ ಅಂತ ಈಗ ಎಣಿಸುತ್ತಿದ್ದೇನೆ. ಇಲ್ಲಿಯವರೆಗೆ 312.

ಮೂರನೇ_ಟ್ಯಾಬ್
ಅಂತೂ ನನ್ನ ಪಟ್ಟಿಯಿಂದ ಒಂದೂ ಬಳಸಲಿಲ್ಲ.

ಅರ್ಧಕ್ಕೆ_ನಿಂತವ
ಎಕ್ಸರ್‌ಸಿಸಂನಲ್ಲಿ ಖಾತೆ ತೆರೆದಿದ್ದೇನೆ ಸಾರ್, ಬೇಜಾರಾಗಬೇಡಿ.

ಸೆಮಿಕೋಲನ್
ನಿಮ್ಮದನ್ನು ಓದಿ ನನಗೂ ಹುಮ್ಮಸ್ಸು ಬಂತು. ಈಗಷ್ಟೇ ಒಂದು ಪೋಸ್ಟ್‌ಗ್ರೆಸ್ ಕೋರ್ಸ್ ಕೊಂಡೆ. 32.